ಮೆಡೋಸ್ ಟೇಲರ್: ಕೊಂದವರ ಕತೆ ಬರೆದವನು, ಸತ್ತವರ ಹೆಸರು ಬಿಟ್ಟವನು

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಎಂಟು ಹೆಣ್ಣುಮಕ್ಕಳು ಸತ್ತಿದ್ದರು. ಒಂದೇ ದಿನ ಅಲ್ಲ, ಒಂದೇ ವರ್ಷವೂ ಅಲ್ಲ. 2009ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಒಬ್ಬೊಬ್ಬರಾಗಿ, ಹೆಂಗಸರ ಶೌಚಾಲಯದಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ಉಟ್ಟಿದ್ದು ಮದುವೆಗೆ ಉಡುವಂಥ ರೇಷ್ಮೆ ಸೀರೆ, ಮೈಮೇಲೆ ಒಡವೆ ಇಲ್ಲ. ವಯಸ್ಸು 20ರಿಂದ 32ರ ಒಳಗೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಐದು ಜನ, ಮಿಕ್ಕವರು ಬೇರೆ ಬಸ್ ಸ್ಟ್ಯಾಂಡುಗಳಲ್ಲಿ. ಒಟ್ಟು ಆರು ಊರು, ಇಪ್ಪತ್ತು ಹೆಣ. ಪ್ರತಿ ಸಾವಿಗೂ ಆಯಾ ಠಾಣೆಯಲ್ಲಿ ಒಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಹೆಸರು ಬರೆಯಬೇಕಾದ ಕಡೆ ಅಪರಿಚಿತ ಮಹಿಳೆ. ಆತ್ಮಹತ್ಯೆ ಇರಬಹುದು ಅನ್ನೋ ಊಹೆ. ಫೈಲು ಕಪಾಟಿಗೆ.

ಕೊಂದವನ ಹೆಸರು ನಿಮಗೆಲ್ಲ ಗೊತ್ತು. ಸೈನೈಡ್ ಮೋಹನ್. ಪ್ರೈಮರಿ ಸ್ಕೂಲಿನ ಪಿಟಿ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಬೇಡ ಅಂತ ಮದುವೆಯ ಆಸೆ ತೋರಿಸಿ, ಲಾಡ್ಜಿಗೆ ಕರೆದೊಯ್ದು, ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಹೇಳಿ ಸೈನೈಡ್ ಕೊಡುತ್ತಿದ್ದ. ಅವನ ಮೇಲೆ ಎಷ್ಟು ಯೂಟ್ಯೂಬ್ ವಿಡಿಯೋ, ಎಷ್ಟು ಪಾಡ್‌ಕಾಸ್ಟ್! ಹಿಂದಿಯ 'ದಹಾಡ್' ವೆಬ್ ಸರಣಿಗೂ ಈ ಪ್ರಕರಣವೇ ಪ್ರೇರಣೆ ಅಂತ ಮಾಧ್ಯಮಗಳು ಬರೆದವು. ಆ ಎಂಟು ಜನರಲ್ಲಿ ಒಬ್ಬಳ ಹೆಸರು ಹೇಳಿ ಅಂತ ನಮ್ಮೂರಿನಲ್ಲೇ ಕೇಳಿ ನೋಡಿ, ಯಾರೂ ಹೇಳಲಾರರು. (ಇಲ್ಲಿ ನಾನೂ ಬರೆಯುತ್ತಿಲ್ಲ. ಅವರ ಮನೆಯವರು ಈಗಲೂ ಅದೇ ಊರುಗಳಲ್ಲಿ ಬದುಕಬೇಕು. ಆದರೆ ಹೆಸರು ಗುಟ್ಟಾಗಿಡೋದು ಬೇರೆ, ಅದನ್ನು ಹುಡುಕದೇ ಇರೋದು ಬೇರೆ.)

ಈ ಅಭ್ಯಾಸ ನಮಗೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವನು ಫಿಲಿಪ್ ಮೆಡೋಸ್ ಟೇಲರ್. ಸತ್ತು ಸುಮಾರು ನೂರೈವತ್ತು ವರ್ಷವಾಗಿದೆ. ಯಾದಗಿರಿ ಜಿಲ್ಲೆಯ ಸುರಪುರದವರಿಗೆ ಅವನ ಪರಿಚಯ ಹೇಳಬೇಕಾಗಿಲ್ಲ, ಬೆಟ್ಟದ ಮೇಲೆ ಅವನ ಬಂಗಲೆ ಟೇಲರ್ ಮಂಜಿಲ್ ಇದೆ. ಮೈಸೂರು ಕಡೆಯವರಿಗೆ ಅವನು ಟಿಪ್ಪು ಮೇಲೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಬಿಳಿಯ. ಹೊರಗಿನವರಿಗೆ ಠಗ್ಗರ ಕಾದಂಬರಿ ಬರೆದವನು. ಇಂಡಿಯಾದ ಸರಣಿ ಹಂತಕನೊಬ್ಬನನ್ನು ಜಗತ್ತಿನ ಸ್ಟಾರ್ ಮಾಡಿದ ಮೊದಲಿಗರಲ್ಲಿ ಅವನೊಬ್ಬ. ಒಳ್ಳೆಯವನೋ ಕೆಟ್ಟವನೋ ಅನ್ನೋ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಸಿಗದ ಮನುಷ್ಯ. ಅದಕ್ಕೇ ಅವನ ಬದುಕನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅವನು ಹುಟ್ಟಿದ್ದು 1808ರ ಸೆಪ್ಟೆಂಬರ್ 25, ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಕೆಟ್ಟಿತು. 1824ರಲ್ಲಿ, ಹದಿನೈದರ ಹುಡುಗನನ್ನು ಬಾಂಬೆಯ ಒಬ್ಬ ವರ್ತಕನ ಹತ್ತಿರ ಗುಮಾಸ್ತಿಕೆಗೆ ಅಂತ ಹಡಗು ಹತ್ತಿಸಿದರು. ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿದೆ. ಬಾಂಬೆ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕರೊಬ್ಬರು ಕೈಹಿಡಿದು, ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದರು. ಕಂಪನಿಯ ನೌಕರಿ ಅಲ್ಲ ಅದು, ನಿಜಾಮನ ನೌಕರಿ. ಈ ವ್ಯತ್ಯಾಸ ಟೇಲರ್‌ನನ್ನು ಜೀವನಪೂರ್ತಿ ಕಾಡಿತು. ಕಂಪನಿಯ ಸಾಹೇಬರ ಕಣ್ಣಿಗೆ ಅವನು ಎರಡನೇ ದರ್ಜೆಯವನು. ಬಹುಶಃ ಅದೇ ಕಾರಣಕ್ಕೆ ಅವನು ಜನರ ಭಾಷೆ ಕಲಿತ, ಅವರ ಜೊತೆ ಕೂತು ಮಾತಾಡಿದ. ಮದುವೆಯಾದದ್ದು ಹೈದರಾಬಾದಿನ ಹೆಸರಾಂತ ಬ್ಯಾಂಕರ್ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಆ ಪಾಮರ್‌ನ ತಾಯಿ ಇಲ್ಲಿಯವಳು.

ಇಪ್ಪತ್ತು ತುಂಬುವ ಮುಂಚೆಯೇ ಅವನ ಕೈಗೆ ಪೊಲೀಸ್ ಕೆಲಸ ಬಂತು. ನಿಜಾಮ್ ಸೀಮೆಯ ನೈಋತ್ಯ ಭಾಗಕ್ಕೆ ಸಹಾಯಕ ಸೂಪರಿಂಟೆಂಡೆಂಟ್. ದೊಡ್ಡ ಪ್ರದೇಶ, ಬೆರಳೆಣಿಕೆಯ ಸಿಬ್ಬಂದಿ. ಡಕಾಯಿತರ ಬೆನ್ನು ಹತ್ತೋದು, ಸಂತೆ ತೂಕ ಪರೀಕ್ಷೆ ಮಾಡೋದು, ಊರ ಜಗಳ ಬಿಡಿಸೋದು, ಎಲ್ಲ ಅವನದೇ. ಆ ದಿನಗಳಲ್ಲಿ ದಾರಿ ಬದಿಯಲ್ಲಿ ಕತ್ತು ಬಿಗಿದು ಕೊಂದ ಹೆಣಗಳು ಸಿಗುತ್ತಿದ್ದವು. ಊರವರನ್ನು ಕೇಳಿದರೆ ನಮ್ಮ ಕಡೆಯವರಲ್ಲ ಅಂತ ಮಾತ್ರ ಗೊತ್ತು. ಟೇಲರ್ ಜಾಡು ಹಿಡಿಯಲು ನೋಡಿದ. ಅಷ್ಟರಲ್ಲಿ ಪೊಲೀಸ್ ಕೆಲಸ ಬಿಟ್ಟು ಪಲ್ಟನ್ನಿಗೆ ವಾಪಸು ಬಾ ಅಂತ ಆದೇಶ ಬಂತು. ತನ್ನನ್ನು ಅಲ್ಲೇ ಬಿಟ್ಟಿದ್ದರೆ ಠಗ್ಗರನ್ನು ಬಯಲು ಮಾಡಿದ ಮೊದಲಿಗ ತಾನೇ ಆಗಿರುತ್ತಿದ್ದೆ ಅನ್ನೋ ಕೊರಗನ್ನು ಅವನು ಮುದುಕನಾದ ಮೇಲೆ ಬರೆದ ಆತ್ಮಕತೆಯಲ್ಲೂ ಬಿಟ್ಟಿಲ್ಲ. ಆ ಕೊರಗನ್ನು ಸ್ವಲ್ಪ ಗಮನಿಸಿ. ಯಾರು ಸತ್ತರು ಅಂತ ತಿಳಿಯಲಿಲ್ಲವಲ್ಲ ಅನ್ನೋದಲ್ಲ ಅದು. ಹೆಸರು ಇನ್ನೊಬ್ಬನಿಗೆ ಹೋಯಿತಲ್ಲ ಅನ್ನೋದು.

ಆ ಇನ್ನೊಬ್ಬ ವಿಲಿಯಂ ಸ್ಲೀಮನ್, ಜಬಲ್ಪುರ ಕಡೆಯ ಅಧಿಕಾರಿ. ಆದರೆ ಈ ಕತೆ ಶುರುವಾಗೋದು ಜಬಲ್ಪುರದಲ್ಲಲ್ಲ, ನಮ್ಮ ಸೀಮೆಯಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಜನರನ್ನು ಹಿಡಿದರು. ದಾರಿಹೋಕರ ಸ್ನೇಹ ಮಾಡಿ, ಜೊತೆಯಲ್ಲೇ ನಡೆದು, ಸಮಯ ನೋಡಿ ಕತ್ತಿಗೆ ಉರುಳು ಹಾಕುತ್ತಿದ್ದವರು ಅಂತ ಆರೋಪ. ಕಂಪನಿಯವರಿಗೆ ಇಂಥ ಗುಂಪುಗಳ ಸುಳಿವು ಸಿಕ್ಕಿದ್ದು ಅಲ್ಲಿಂದ. 1816ರಲ್ಲಿ ಮದರಾಸಿನ ಡಾಕ್ಟರ್ ರಿಚರ್ಡ್ ಶೆರ್ವುಡ್ ಇವರ ಬಗ್ಗೆ ಒಂದು ಲೇಖನ ಬರೆದ. ದಕ್ಷಿಣದ ಪ್ರತಿ ಭಾಷೆಯಲ್ಲೂ ಇವರಿಗೆ ಏನನ್ನುತ್ತಾರೆ ಅಂತ ಪಟ್ಟಿ ಮಾಡಿದ. ಕನ್ನಡದಲ್ಲಿ ಅವನಿಗೆ ಸಿಕ್ಕಿದ ಹೆಸರು ತಂತಿ ಕಳ್ಳರು. ಇನ್ನು ಇಂಗ್ಲಿಷಿಗೆ ಹೋಗಿ ಥಗ್ ಆದ ಪದ ನಮ್ಮ ಠಕ್ಕನ ನೆಂಟನೇ. ನಮ್ಮಲ್ಲಿ ಠಕ್ಕ ಅಂದರೆ ಮೋಸಗಾರ ಅಷ್ಟೆ. ಕೊಲೆಗಾರ ಆದದ್ದು ಅವರ ಡಿಕ್ಷನರಿಯಲ್ಲಿ.

ಯಾಕೆ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ? ಸತ್ತವರು ಪ್ರಯಾಣಿಕರು, ಅದಕ್ಕೆ. ಸತ್ತ ಜಾಗದಲ್ಲಿ ಅವರನ್ನು ಬಲ್ಲವರಿಲ್ಲ. ಬಲ್ಲವರಿಗೆ ಸತ್ತ ಜಾಗ ಗೊತ್ತಿಲ್ಲ. ರಜೆ ಮೇಲೆ ಊರಿಗೆ ಹೊರಟ ಸಿಪಾಯಿ ವಾಪಸು ಬರದಿದ್ದರೆ ಸೈನ್ಯ ಅವನನ್ನು ಓಡಿಹೋದವನು ಅಂತ ಬರೆದುಕೊಳ್ಳುತ್ತಿತ್ತು. 1810ರಲ್ಲಿ ಮೇಜರ್ ಜನರಲ್ ಸೇಂಟ್ ಲೆಜರ್ ಒಂದು ಆದೇಶ ಹೊರಡಿಸಿ, ಊರಿಗೆ ಹೋಗುವ ಸಿಪಾಯಿಗಳು ದುಡ್ಡನ್ನು ಕೈಯಲ್ಲಿ ಒಯ್ಯದೆ ಹುಂಡಿ ಮಾಡಿಸಿಕೊಳ್ಳಲಿ, ದಾರಿಯಲ್ಲಿ ಸಿಕ್ಕವರನ್ನು ನಂಬದಿರಲಿ ಅಂತ ಎಚ್ಚರಿಸಬೇಕಾಯಿತು.

ಓಡಿಹೋದವನು ಅನ್ನೋ ಪದದ ಹತ್ತಿರ ನಾನು ನಿಂತುಬಿಟ್ಟೆ. ಯಾಕೆಂದರೆ ಬಂಟ್ವಾಳ, ಪುತ್ತೂರು, ಸುಳ್ಯದ ಕಡೆ ಇದೇ ಪದ ಇನ್ನೂರು ವರ್ಷದ ನಂತರ ಸ್ತ್ರೀಲಿಂಗದಲ್ಲಿ ಬಂತು. ಓಡಿಹೋದವಳು. ಮೋಹನ್ ಆರಿಸಿಕೊಂಡದ್ದು ಬಡಮನೆಗಳ ಹುಡುಗಿಯರನ್ನು. ಬೀಡಿ ಕಟ್ಟುವ, ಕೂಲಿ ಮಾಡುವ ಮನೆಗಳು. ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದವರು. ಅಂಥ ಮನೆಯಿಂದ ಹುಡುಗಿ ಒಂದು ದಿನ ಒಡವೆ ಹಾಕಿಕೊಂಡು ಹೋಗಿ ವಾಪಸು ಬರದಿದ್ದರೆ ಹೆತ್ತವರು ಏನು ಮಾಡ್ತಾರೆ? ಯಾರ ಜೊತೆಗೋ ಹೋದಳು ಅಂದುಕೊಂಡು ಬಾಯಿ ಮುಚ್ಚಿಕೊಳ್ತಾರೆ. ಠಾಣೆಗೆ ಹೋದರೂ ಅಲ್ಲಿ ಸಿಗೋ ಉತ್ತರ ಅದೇ, ಬರ್ತಾಳೆ ಬಿಡಿ. ಇತ್ತ ಮೈಸೂರಿನಲ್ಲಿ ಹೆಸರಿಲ್ಲದ ಹೆಣ, ಅತ್ತ ಕರಾವಳಿಯಲ್ಲಿ ಹೆಣವಿಲ್ಲದ ಹೆಸರು. ನಡುವೆ ಒಂದು ಘಾಟಿ, ಒಂದು ರಾತ್ರಿಯ ಬಸ್ ಪ್ರಯಾಣ. ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ಕೊನೆಗೆ 2009ರಲ್ಲಿ ಅದು ಬಿಚ್ಚಿಕೊಂಡದ್ದಾದರೂ ಹೇಗೆ? ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಳು. ಮುಸ್ಲಿಂ ಹುಡುಗನ ಜೊತೆ ಓಡಿಹೋದಳು ಅನ್ನೋ ಗುಲ್ಲೆದ್ದಿತು. ಸಮುದಾಯದವರು ಠಾಣೆಗೆ ಮುತ್ತಿಗೆ ಹಾಕಿದರು, ಬೆಂಕಿ ಹಚ್ಚುತ್ತೇವೆ ಅನ್ನುವವರೆಗೂ ಮಾತು ಹೋಯಿತು. ಆಗ ಪೊಲೀಸರು ಆಕೆಯ ಫೋನ್ ಕರೆಗಳ ದಾಖಲೆ ತೆಗೆದು ಕೂತರು. ಒಂದು ನಂಬರಿನಿಂದ ಇನ್ನೊಂದು ನಂಬರು, ಅದು ನೋಡಿದರೆ ಕಾಣೆಯಾದ ಇನ್ನೊಬ್ಬಳದ್ದು. ಅಕ್ಟೋಬರ್‌ನಲ್ಲಿ ಮೋಹನ್ ಸಿಕ್ಕ. ಗುಲ್ಲು ಪೂರ್ತಿ ಸುಳ್ಳಾಗಿತ್ತು, ಹುಡುಕಾಟ ನಿಜವಾಗಿತ್ತು. ಈ ಮಾತನ್ನು ಬೇಕಂತಲೇ ಹೇಳುತ್ತಿದ್ದೇನೆ. ಅದಕ್ಕೂ ಮುಂಚೆ ಕಾಣೆಯಾದ ಅಷ್ಟು ಹೆಣ್ಣುಮಕ್ಕಳಿಗೆ ಸಿಗದ ತನಿಖೆ ಈಕೆಗೆ ಸಿಕ್ಕಿದ್ದು, ಅವಳ ಹೆಸರಿಗೆ ಒಂದು ಕೋಮಿನ ಸಿಟ್ಟು ಅಂಟಿಕೊಂಡಿದ್ದರಿಂದ. ಕಾಣೆಯಾಗಿದ್ದಾಳೆ ಅನ್ನೋದೊಂದೇ ಸಾಕಾಗಿರಲಿಲ್ಲ.

ಇನ್ನು ಟೇಲರ್ ಕಡೆಗೆ. 1830ರ ದಶಕದ ಆರಂಭದಲ್ಲಿ ಸ್ಲೀಮನ್‌ಗೆ ಒಂದು ಉಪಾಯ ಹೊಳೆಯಿತು. ಸಿಕ್ಕ ಠಗ್ಗನಿಗೆ ನೇಣಿನಿಂದ ಮಾಫಿ ಕೊಟ್ಟು ಸಾಕ್ಷಿ ಮಾಡಿಕೊಳ್ಳೋದು, ಅವನಿಂದ ಮಿಕ್ಕವರನ್ನು ಹಿಡಿಯೋದು. ಇವತ್ತಿನ ಭಾಷೆಯಲ್ಲಿ ಅಪ್ರೂವರ್. ಫಿರಂಗಿಯಾ ಅನ್ನೋ ಹೆಸರಾಂತ ಅಪ್ರೂವರ್, ಸಲೋಹ್ದಾ ಎಂಬಲ್ಲಿ ಮಾವಿನ ತೋಪಿನಲ್ಲಿ ಡೇರೆ ಹಾಕಿಕೊಂಡಿದ್ದ ಸ್ಲೀಮನ್‌ಗೆ ಆ ಡೇರೆಯ ಸುತ್ತಲೇ ನೆಲ ಅಗೆಸಿ ತೋರಿಸಿದ. ಹೆಣಗಳು ಬಂದವು. ಅವು ಯಾರವು ಅಂತಲೂ ಅವನೇ ಹೇಳಿದ. ಒಬ್ಬ ಪಂಡಿತ, ಅವನ ಆರು ಜನ ಆಳುಗಳು, 1818ರಲ್ಲಿ. ಒಬ್ಬ ಹವಾಲ್ದಾರ, ನಾಲ್ಕು ಸಿಪಾಯಿಗಳು, 1824ರಲ್ಲಿ. ಗಂಗಾಜಲ ಹೊತ್ತು ಹೋಗುತ್ತಿದ್ದ ನಾಲ್ವರು ಬ್ರಾಹ್ಮಣರು. ಒಬ್ಬ ಹೆಂಗಸು.

ಇದು ನನ್ನನ್ನು ಕಾಡುವ ಪಟ್ಟಿ. ಅಗೆದಿದ್ದಾರೆ, ಎಲುಬು ಎಣಿಸಿದ್ದಾರೆ, ವರ್ಷವನ್ನೂ ಬರೆದುಕೊಂಡಿದ್ದಾರೆ. ಆದರೆ ಸತ್ತವರ ಗುರುತು ಅಷ್ಟೂ ಕೊಂದವನ ನೆನಪಿನಿಂದಲೇ ಬರುತ್ತದೆ. ಕೊಲ್ಲುವ ಮುಂಚೆ ಅವರು ಅವನಿಗೆ ಹೇಗೆ ಕಂಡರೋ ಹಾಗೆ. ಪಂಡಿತ, ಹವಾಲ್ದಾರ, ಬ್ರಾಹ್ಮಣರು. ಹೆಂಗಸಿಗೆ ಅದೂ ಇಲ್ಲ. ಅವಳು ಹೆಂಗಸು, ಅಷ್ಟೆ.

ಗುರುತು ಹಿಡಿಯುವ ಗಂಭೀರ ಪ್ರಯತ್ನ ಆಗಲೇ ಇಲ್ಲ ಅಂತಲ್ಲ. ಸಾಹುಕಾರರ ಖಜಾನೆ ಸಾಗಿಸುತ್ತಿದ್ದವರು ಸತ್ತಾಗ ಆಯಿತು. ಯಾಕೆಂದರೆ ಆ ರೂಪಾಯಿಗೆ ಲೆಕ್ಕದ ಪುಸ್ತಕವಿತ್ತು, ಹುಡುಕುವ ಯಜಮಾನನಿದ್ದ. ಉಮ್ರಾವತಿ ಕಡೆಯ ಸಾಹುಕಾರನೊಬ್ಬ ಕಳೆದುಹೋದ ತನ್ನ ಹಣಕ್ಕಾಗಿ ತನ್ನ ಗುಮಾಸ್ತರನ್ನೇ ಬಿಟ್ಟು ಸರ್ಕಾರಕ್ಕಿಂತ ಮುಂಚೆ ಠಗ್ಗರ ಜಾಡು ಹಿಡಿಸಿದ್ದ. ಮಗ ವಾಪಸು ಬರದ ತಾಯಿಗೆ ಗುಮಾಸ್ತರಿರಲಿಲ್ಲ.

1836ರಲ್ಲಿ ಕಂಪನಿ ಸರ್ಕಾರ ಆ ವರ್ಷದ 30ನೇ ಕಾಯ್ದೆ ತಂದಿತು. ಇದನ್ನು ಕಾನೂನು ಓದುತ್ತಿರುವ ಗೆಳೆಯರು ಗಮನವಿಟ್ಟು ನೋಡಬೇಕು. ಕಾಯ್ದೆ ಬರುವ ಮುಂಚೆಯೋ ಆಮೇಲೋ, ಯಾವತ್ತಾದರೂ ಠಗ್ಗರ ಗುಂಪಿನಲ್ಲಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ಯಾರನ್ನು ಕೊಂದ, ಎಲ್ಲಿ, ಯಾವಾಗ ಅನ್ನೋದು ಬೇಕಿಲ್ಲ. ಅಪ್ರೂವರ್ ಕೈ ತೋರಿಸಿದರೆ ಮುಗಿಯಿತು. ಹಿಂದಿನ ಕಾನೂನಿನಲ್ಲಿ ಅಪರಾಧ ಸಾಬೀತಾಗಲು ಒಂದು ಕೊಲೆ ಬೇಕಿತ್ತು, ಕೊಲೆಗೆ ಒಬ್ಬ ಸತ್ತವನು ಬೇಕಿತ್ತು. ಈಗ ಸತ್ತವನ ಅಗತ್ಯವೇ ಬೀಳಲಿಲ್ಲ. 1831ರಿಂದ 1837ರವರೆಗೆ 3,266 ಜನರನ್ನು ಹಿಡಿದರು ಅಂತ ಲೆಕ್ಕವಿದೆ, ಅದರಲ್ಲಿ 412 ಜನರಿಗೆ ನೇಣು, 483 ಜನ ಸಾಕ್ಷಿಗಳಾದರು, ಮಿಕ್ಕವರು ಗಡಿಪಾರು ಅಥವಾ ಜೈಲು. ಅದೇ 1836ರಲ್ಲಿ ಸ್ಲೀಮನ್ 'ರಾಮಸೀಯಾನ' ಅನ್ನೋ ಪುಸ್ತಕ ತಂದ. ಅದರಲ್ಲಿ ಠಗ್ಗರ ಗುಪ್ತಭಾಷೆಯ ನಿಘಂಟು ಇದೆ, ಠಗ್ಗರ ಮನೆತನಗಳ ವಂಶವೃಕ್ಷ ಇದೆ. ಕೊಂದವರ ಅಜ್ಜ ಮುತ್ತಜ್ಜರವರೆಗೂ ಹೆಸರು ಬರೆದಿದ್ದಾರೆ.

ವಂಶವೃಕ್ಷ ಬರೆದದ್ದು ಸುಮ್ಮನೆ ಅಲ್ಲ. ಅಪರಾಧ ರಕ್ತದಲ್ಲಿ ಬರುತ್ತದೆ ಅನ್ನೋ ನಂಬಿಕೆ ಅಲ್ಲಿಂದ ಬೇರು ಬಿಟ್ಟು, 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತನಕ ಬಂತು. ಹುಟ್ಟಿನಿಂದಲೇ ಕಳ್ಳರು ಅಂತ ಮುದ್ರೆ ಬಿದ್ದ ಅಲೆಮಾರಿ ಸಮುದಾಯಗಳಿಗೆ ಅದರಿಂದ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ಮುದ್ರೆ ಇನ್ನೂ ಪೂರ್ತಿ ಅಳಿಸಿಲ್ಲ ಅನ್ನೋದು ಆ ಸಮುದಾಯಗಳ ಗೆಳೆಯರನ್ನು ಕೇಳಿದರೆ ತಿಳಿಯುತ್ತದೆ. ಠಗ್ಗರು ಅನ್ನೋ ಒಂದು ಧಾರ್ಮಿಕ ಪಂಥ ಇತ್ತೇ, ಅಥವಾ ಯುದ್ಧ ನಿಂತು ಕೆಲಸ ಕಳೆದುಕೊಂಡ ಬೇರೆಬೇರೆ ದರೋಡೆ ಗುಂಪುಗಳನ್ನೆಲ್ಲ ಸೇರಿಸಿ ಬ್ರಿಟಿಷರು ಒಂದು ಹೆಸರು ಕಟ್ಟಿದರೇ ಅಂತ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ರಾಧಿಕಾ ಸಿಂಘ, ಕಿಮ್ ವ್ಯಾಗ್ನರ್ ಬರೆದದ್ದನ್ನು ಓದಿ. ನನಗನ್ನಿಸೋದು, ಪಂಥ ಕಟ್ಟುಕತೆ ಇರಬಹುದು, ನೆಲದಿಂದ ಬಂದ ಎಲುಬುಗಳು ಕಟ್ಟುಕತೆ ಅಲ್ಲ. ವಸಾಹತುಶಾಹಿಯ ಬಗ್ಗೆ ವಾದ ಮಾಡುವ ಭರದಲ್ಲಿ ಆ ಸತ್ತವರನ್ನು ನಾವೂ ಇನ್ನೊಂದು ಸಲ ಮರೆತುಬಿಡ್ತೇವೆ.

ಸಂಖ್ಯೆಗಳ ಕತೆಯೂ ಕೇಳಿ. ಬೆಹರಾಮ್ ಅನ್ನೋ ಠಗ್ಗ 931 ಜನರನ್ನು ಕೊಂದ ಅಂತ ದಾಖಲೆ ಪುಸ್ತಕಗಳಲ್ಲೆಲ್ಲ ಬಂದಿದೆ. ಮೂಲ ಹೇಳಿಕೆ ನೋಡಿದರೆ 931 ಅನ್ನೋದು ಅವನು ಹಾಜರಿದ್ದ ಕೊಲೆಗಳ ಲೆಕ್ಕ. ತನ್ನ ಕೈಯಾರೆ ಕೊಂದದ್ದು ಸುಮಾರು 125 ಇರಬಹುದು ಅಂತ ಅವನೇ ಹೇಳಿಕೊಂಡಿದ್ದ. ದೊಡ್ಡ ಸಂಖ್ಯೆಗೆ ಮಾರುಕಟ್ಟೆ ಇದೆ, ಅದೇ ಉಳಿಯಿತು. ಆ 931ರಲ್ಲಿ ಯಾರಿದ್ದರು ಅಂತ ಕೇಳಿದ ದಾಖಲೆ ಪುಸ್ತಕ ಯಾವುದೂ ಇಲ್ಲ.

ಪಲ್ಟನ್ನಿಗೆ ಮರಳಿದ್ದ ಟೇಲರ್ ಈ ಅಲೆಯೊಳಕ್ಕೆ 1833ರ ಸುಮಾರಿಗೆ ಮತ್ತೆ ಬಂದ. ನಿಜಾಮ್ ಸೀಮೆಯಲ್ಲೂ ಅಪ್ರೂವರ್‌ಗಳು ಬಾಯಿ ಬಿಡಲು ಶುರು ಮಾಡಿದಾಗ, ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ತಾನಾಗಿಯೇ ಮುಂದೆ ಬಂದ. ದಿನಗಟ್ಟಲೆ ಕೂತು ಕೇಳಿದ. ಅವನ ಹಳೆಯ ಸರಹದ್ದಿನಲ್ಲೇ ಎಷ್ಟೋ ಕೊಲೆಗಳು ನಡೆದಿದ್ದವು. ಕೇಳಿ ಕೇಳಿ ಬೇಸರ ಹಿಡಿಸುವಷ್ಟು ಒಂದೇ ಥರದ ಕತೆಗಳು, ಆದರೂ ಕಿವಿ ತಿರುಗಿಸಲಾಗಲಿಲ್ಲ ಅನ್ನೋ ಅರ್ಥದಲ್ಲಿ ಆಮೇಲೆ ಬರೆದುಕೊಂಡಿದ್ದಾನೆ. ರಾತ್ರಿ ಎರಡು ಗಂಟೆವರೆಗೆ ಕ್ರೈಮ್ ಪಾಡ್‌ಕಾಸ್ಟ್ ಕೇಳುವ ನಮಗೆ ಆ ಸ್ಥಿತಿ ಅರ್ಥವಾಗದೇ ಏನಿಲ್ಲ.

ಜ್ವರ ಹಿಡಿದು ರಜೆ ಮೇಲೆ ಇಂಗ್ಲೆಂಡಿಗೆ ಹೋದ. 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಮೂರು ಸಂಪುಟಗಳಲ್ಲಿ ಹೊರಬಂತು. ವಿಕ್ಟೋರಿಯಾ ರಾಣಿ ಅಚ್ಚಾಗುವ ಮುಂಚೆಯೇ ಪುಟಗಳನ್ನು ತರಿಸಿಕೊಂಡು ಓದಿದಳಂತೆ. ಅಮೀರ್ ಅಲಿ ಅನ್ನೋ ಠಗ್ಗ ಜೈಲಿನಲ್ಲಿ ಕೂತು ಒಬ್ಬ ಸಾಹೇಬನಿಗೆ ತನ್ನ ಕತೆ ಹೇಳುತ್ತಾನೆ. ಸಾಹೇಬ ಕೇಳುತ್ತಾನೆ. ಅಷ್ಟೇ ಕಾದಂಬರಿ. ಹಿಂದಿನ ಅಪ್ರೂವರ್ ಒಬ್ಬ 719 ಕೊಲೆಗಳಲ್ಲಿ ಭಾಗಿಯಾಗಿದ್ದೇನೆ ಅಂದದ್ದೇ ಇದಕ್ಕೆ ಮೂಲ.

ಕಾದಂಬರಿ ಚೆನ್ನಾಗಿದೆ, ಅದೇ ತೊಂದರೆ. ಅಮೀರ್ ಅಲಿ ಸುಂದರ, ಮಾತುಗಾರ, ಪ್ರೇಮಿ, ಒಳ್ಳೆಯ ತಂದೆ. ದಕ್ಖನ್ನಿನ ಸಂತೆ, ಜಾತ್ರೆ, ಹೈದರಾಬಾದಿನ ಬೀದಿ, ಉಡುಗೆ ತೊಡುಗೆ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಆ ಕಾಲದ ಬಿಳಿಯ ಲೇಖಕನೊಬ್ಬ ಇಂಡಿಯಾದವನ ಬಾಯಲ್ಲಿ ಇಡೀ ಕತೆ ಹೇಳಿಸಿ, ಅವನನ್ನು ಮನುಷ್ಯನಾಗಿ ಕಾಣಿಸಿದ್ದು ಸಣ್ಣ ವಿಷಯ ಅಲ್ಲ. ಆದರೆ ಸಾಯುವವರು? ಅವರು ಒಂದು ಅಧ್ಯಾಯದಲ್ಲಿ ಬಂದು, ಜೊತೆಗೆ ನಡೆದು, ಸಂಜೆಗೆ ಮಣ್ಣಾಗುತ್ತಾರೆ. ಅವರ ಮನೆಯಲ್ಲಿ ಕಾಯುತ್ತಿದ್ದವರ ಕಡೆಗೆ ಕತೆ ತಿರುಗಿ ನೋಡುವುದಿಲ್ಲ.

ಒಂದೇ ಒಂದು ಕಡೆ ಸತ್ತವಳ ಗುರುತು ಪತ್ತೆಯಾಗುತ್ತದೆ, ಅದು ಹೇಗೆ ಅಂತ ನೋಡಿ. ಅಮೀರ್ ಅಲಿಯ ಹೆತ್ತವರನ್ನು ಠಗ್ಗರೇ ಕೊಂದು, ಮಗುವಾಗಿದ್ದ ಅವನನ್ನು ಎತ್ತಿಕೊಂಡು ಬಂದು ಸಾಕಿರುತ್ತಾರೆ. ಅವನಿಗೊಬ್ಬ ತಂಗಿ ಇದ್ದಳು. ಎಷ್ಟೋ ವರ್ಷದ ನಂತರ ಅವನು ಒಬ್ಬ ಹೆಂಗಸನ್ನು ಕೊಲ್ಲುತ್ತಾನೆ. ಅವಳ ಕೊರಳಲ್ಲಿದ್ದ ಹಳೆಯ ನಾಣ್ಯದಿಂದ ಕೊನೆಗೆ ಗೊತ್ತಾಗುತ್ತದೆ, ಅವಳೇ ಆ ತಂಗಿ. ಮೂರು ಸಂಪುಟಗಳ ಹೆಣಗಳಲ್ಲಿ ಓದುಗ ಅಳಬೇಕಾದ ಹೆಣ ಅದೊಂದೇ. ಅವಳು ಯಾರು ಅನ್ನೋದಕ್ಕೆ ಬೆಲೆ ಬಂದದ್ದು ಅವಳು ಕೊಲೆಗಾರನ ತಂಗಿ ಆದ್ದರಿಂದ. ಮಿಕ್ಕವರೂ ಯಾರದೋ ತಂಗಿಯರೇ ತಾನೆ? ಟೇಲರ್‌ನ ಕಾದಂಬರಿಯೊಳಗೆ ಅವರಿಗೆ ಅಣ್ಣಂದಿರಿಲ್ಲ.

ಇಲ್ಲಿಗೆ ಟೇಲರ್‌ನನ್ನು ಬಿಟ್ಟುಬಿಟ್ಟರೆ ಅವನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. 1840ರಲ್ಲಿ ಟಿಪ್ಪು ಕಾದಂಬರಿ ಪ್ರಕಟವಾಯಿತು. 1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಅಲ್ಲಿನ ನಾಯಕ ರಾಜಮನೆತನದಲ್ಲಿ ಅರಸ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಪುಟ್ಟ ಹುಡುಗ, ತಾಯಿ ಈಶ್ವರಮ್ಮನಿಗೂ ಕಂಪನಿಗೂ ತಿಕ್ಕಾಟ. ಟೇಲರ್ ಹನ್ನೆರಡು ವರ್ಷ ಅಲ್ಲಿ ಆಡಳಿತ ನಡೆಸಿದ. ಜಮೀನು ಅಳೆಸಿದ, ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದ. ಈಗ ಅದು ಪಕ್ಷಿಧಾಮ. ಹುಡುಗ ರಾಜ ಅವನನ್ನು ಅಪ್ಪಾ ಅಂತ ಕರೆಯುತ್ತಿದ್ದ. ಈಶ್ವರಮ್ಮನ ಬಗ್ಗೆ ಅವನು ಬರೆದದ್ದರಲ್ಲಿ ನ್ಯಾಯ ಕಡಿಮೆ, ತಾತ್ಸಾರ ಜಾಸ್ತಿ. ತನ್ನ ರಾಜ್ಯ ಕೈತಪ್ಪುತ್ತಿದ್ದುದನ್ನು ಕಂಡು ಹೋರಾಡಿದ ಹೆಂಗಸು ಅನ್ನೋ ದೃಷ್ಟಿ ಅವನಿಗೆ ಬರಲೇ ಇಲ್ಲ.

1858ರಲ್ಲಿ ವೆಂಕಟಪ್ಪ ನಾಯಕ ಬಂಡೆದ್ದು ಸೋತು ಸಿಕ್ಕಿಬಿದ್ದ. ಟೇಲರ್ ಹೋಗಿ ಜೈಲಿನಲ್ಲಿ ನೋಡಿಬಂದ. ನೇಣು ಶಿಕ್ಷೆ ಇಳಿದು ಇಳಿದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಅಂತಾಯಿತು. ದಾರಿಯಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ಸತ್ತ. ಇಪ್ಪತ್ತನಾಲ್ಕರ ಹುಡುಗ. ಇಪ್ಪತ್ತನಾಲ್ಕರಲ್ಲಿ ಸಾವಿದೆ ಅಂತ ಜಾತಕದಲ್ಲಿತ್ತು ಅನ್ನೋದನ್ನು ಟೇಲರ್ ಮುಂಚೆಯೇ ಕೇಳಿ ತಿಳಿದಿದ್ದ. ಆತ್ಮಕತೆಯಲ್ಲಿ ಈ ಭಾಗ ಓದುವಾಗ ಗಂಟಲು ಕಟ್ಟುತ್ತದೆ. ಸತ್ತವನ ಹೆಸರು, ಮುಖ, ಬಾಲ್ಯ ಎಲ್ಲ ಗೊತ್ತಿದ್ದಾಗ ಟೇಲರ್ ಹೇಗೆ ಬರೆಯಬಲ್ಲ ಅನ್ನೋದಕ್ಕೆ ಆ ಪುಟಗಳೇ ಸಾಕ್ಷಿ.

ಸುರಪುರದಲ್ಲಿ ಅವನಿಗೆ ಇನ್ನೊಂದು ಹುಚ್ಚು ಹತ್ತಿತ್ತು, ಹಳೆಯ ಗೋರಿಗಳನ್ನು ಅಗೆಯೋದು. ಆ ಸೀಮೆಯಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲಿನ ಸಮಾಧಿಗಳಿವೆ. ಜನ ಅವನ್ನು ಮೋರ್ಯರ ಮನೆಗಳು ಅನ್ನುತ್ತಿದ್ದರು, ಕುಳ್ಳ ಜನ ಕಟ್ಟಿದ್ದು ಅನ್ನೋ ನಂಬಿಕೆ. ರಾಜನಕೋಳೂರು, ಹಗರಟಗಿ, ಜೇವರ್ಗಿ. ಟೇಲರ್ ಗುಂಡಿ ತೋಡಿಸಿ ಬಿಟ್ಟುಬಿಡಲಿಲ್ಲ. ಮಣ್ಣಿನ ಪದರ ಪದರವನ್ನೂ ಅಳೆದು, ಯಾವ ಆಳದಲ್ಲಿ ಮಡಕೆ, ಯಾವ ಆಳದಲ್ಲಿ ಎಲುಬು, ತಲೆ ಯಾವ ದಿಕ್ಕಿಗೆ, ಎಲ್ಲದರ ಚಿತ್ರ ಬರೆದ. ಒಂದು ಶತಮಾನದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿ ಹೊಗಳಿದ. ಜೇವರ್ಗಿಯಲ್ಲಿ ರುಂಡ ಬೇರೆಯಾದ ಅಸ್ಥಿಪಂಜರಗಳು ಸಿಕ್ಕಾಗ ಇವರನ್ನು ಬಲಿ ಕೊಟ್ಟಿರಬೇಕು ಅಂತ ಊಹಿಸಿದ. ಹೆಸರು ಸಿಗುವ ಸಾಧ್ಯತೆಯೇ ಇಲ್ಲದ ಹೆಣಗಳ ಮುಂದೆ ಅಷ್ಟು ತಾಳ್ಮೆ, ಅಷ್ಟು ಗೌರವ.

ಇದನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಅವನು ಹುಡುಗನಾಗಿದ್ದಾಗ ದಾರಿ ಬದಿಯಲ್ಲಿ ಸಿಕ್ಕಿದ ಆ ಹೆಣಗಳು. ಅವಕ್ಕೆ ಹೆಸರು ಸಿಗುವ ಸಾಧ್ಯತೆ ಇತ್ತು. ತಾಯಂದಿರು, ಹೆಂಡಂದಿರು ಇನ್ನೂ ಬದುಕಿದ್ದರು. ನಿಜಾಮನ ಸೀಮೆಯ ತುಂಬ ಯಾರು ಯಾರು ಮನೆಗೆ ಮರಳಿಲ್ಲ ಅಂತ ಡಂಗೂರ ಸಾರಿಸಿ ಕೇಳಿದ್ದರೆ? ಉತ್ತರ ಬಂದಿರುತ್ತಿತ್ತು ಅಂತ ಖಾತ್ರಿಯಾಗಿ ಹೇಳುತ್ತಿಲ್ಲ. ಪ್ರಶ್ನೆ ಆ ದಿಕ್ಕಿಗೆ ಹೋಗಲೇ ಇಲ್ಲ ಅಂತಷ್ಟೇ ಹೇಳುತ್ತಿದ್ದೇನೆ. ತನಿಖೆ ಯಾವಾಗಲೂ ಕೊಂದವನಿಂದ ಸತ್ತವರ ಕಡೆಗೆ ನಡೆಯಿತು. ಮೋಹನ್ ಪ್ರಕರಣದಲ್ಲೂ ಅಷ್ಟೆ. ಅವನು ಸಿಕ್ಕಿದ ಮೇಲೆಯೇ ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನದ ಹಳೆಯ ಯುಡಿಆರ್ ಫೈಲುಗಳು ಕಪಾಟಿನಿಂದ ಇಳಿದವು. ಆಗ ಠಾಣೆಗಳಲ್ಲಿ ಉಳಿದಿದ್ದ ಫೋಟೋಗಳನ್ನು ಮನೆಯವರ ಮುಂದಿಟ್ಟರು. ಅಪರಿಚಿತ ಮಹಿಳೆ ಅನ್ನೋ ಪದ ಅಳಿಸಿ ಒಂದೊಂದೇ ಹೆಸರು ಬರೆದರು. ಮಗಳು ಓಡಿಹೋದಳು ಅಂತ ಇಷ್ಟು ವರ್ಷ ಅವಳನ್ನು ಶಪಿಸಿದ್ದ ಅಪ್ಪ ಅಮ್ಮಂದಿರು ಆ ಫೋಟೋ ನೋಡಿದ ಗಳಿಗೆ ಹೇಗಿದ್ದಿರಬಹುದು? ಯಾವ ವೆಬ್ ಸರಣಿಯೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

2013ರ ಡಿಸೆಂಬರ್‌ನಲ್ಲಿ ಮಂಗಳೂರು ಕೋರ್ಟ್ ಮೋಹನ್‌ಗೆ ಮೊದಲ ಸಲ ಮರಣದಂಡನೆ ವಿಧಿಸಿತು. ಆಮೇಲೆ ಹೈಕೋರ್ಟಿನಲ್ಲಿ ಶಿಕ್ಷೆಗಳು ಬದಲಾದವು, ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. 1836ರ ಕಾಯ್ದೆಯ ಹಾಗೆ ಎಲ್ಲರನ್ನೂ ಒಂದೇ ಮೂಟೆ ಕಟ್ಟಿ ಮುಗಿಸಲಿಲ್ಲ. ಒಬ್ಬೊಬ್ಬ ಹೆಣ್ಣುಮಗಳಿಗೂ ಒಂದೊಂದು ಕೇಸು, ಒಂದೊಂದು ವಿಚಾರಣೆ, ಒಂದೊಂದು ತೀರ್ಪು. ಇಪ್ಪತ್ತನೆಯ, ಕೊನೆಯ ಕೇಸಿನ ತೀರ್ಪು ಬಂದದ್ದು 2020ರಲ್ಲಿ. ಅಷ್ಟರಲ್ಲಿ ಟಿವಿ ಚಾನೆಲ್‌ಗಳಿಗೆ ಅದು ಹಳಸಿದ ಸುದ್ದಿ. ಹನ್ನೊಂದು ವರ್ಷ ಹಿಡಿಯಿತು, ನಿಜ. ಆದರೆ ಇಪ್ಪತ್ತು ಸಲ ಕೋರ್ಟು ಸತ್ತವಳು ಯಾರು ಅನ್ನೋದರಿಂದಲೇ ಶುರು ಮಾಡಬೇಕಾಯಿತು.

ಟೇಲರ್ 1860ರಲ್ಲಿ ಇಂಡಿಯಾ ಬಿಟ್ಟ. ಹೆಂಡತಿ ಮೇರಿ 1844ರಲ್ಲೇ ಇಲ್ಲಿ ತೀರಿಕೊಂಡಿದ್ದಳು. ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ಕೂತು 'ತಾರಾ', 'ಸೀತಾ' ಅಂತ ಕಾದಂಬರಿಗಳನ್ನು ಬರೆದ. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಬಂದ ದೊಡ್ಡ ಫೋಟೋ ಪುಸ್ತಕಕ್ಕೆ ಚರಿತ್ರೆಯ ಭಾಗ ಬರೆದುಕೊಟ್ಟ. ಕಣ್ಣು ಮಂಜಾಯಿತು. ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಕರೆದರು ಅಂತ 1875ರಲ್ಲಿ ಕೊನೆಯ ಸಲ ಬಂದು ಹೋದ. ವಾಪಸು ಹೋಗುವಾಗ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ಸತ್ತ. ಮಾರನೇ ವರ್ಷ ಮಗಳು ಅವನ ಆತ್ಮಕತೆಯನ್ನು ಅಚ್ಚು ಹಾಕಿಸಿದಳು.

ಠಗ್ಗರ ಕಾದಂಬರಿ ಇಂದಿಗೂ ಅಚ್ಚಿನಲ್ಲಿದೆ. ಮುಂದೆ ಸಿನಿಮಾ, ಟಿವಿಯಲ್ಲಿ ಬಂದ ಎಷ್ಟೋ ಠಗ್ಗರ ಕತೆಗಳ ಬೇರು ಅದರಲ್ಲಿದೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಮಂಗಳೂರಿಗೆ, ಪುತ್ತೂರಿಗೆ, ಮಡಿಕೇರಿಗೆ ರಾತ್ರಿ ಬಸ್ಸುಗಳು ಈಗಲೂ ಹೊರಡುತ್ತವೆ. ಲಷ್ಕರ್ ಠಾಣೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅಪರಿಚಿತ ಶವ, ಗುರುತು ಸಿಕ್ಕವರು ಸಂಪರ್ಕಿಸಿ ಅನ್ನೋ ಪ್ರಕಟಣೆ ಊರಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಎತ್ತರ ಇಷ್ಟು, ಮೈಬಣ್ಣ ಇಂಥದ್ದು, ಉಟ್ಟ ಬಟ್ಟೆಯ ಬಣ್ಣ, ಕೈ ಮೇಲೆ ಹಚ್ಚೆ ಇದ್ದರೆ ಅದು, ಕೊನೆಗೆ ಠಾಣೆಯ ಫೋನ್ ನಂಬರು.